‘ಅನುದಿನದ ಆಹಾರ’ ಅಂದಮೇಲೆ ಮತ್ತೆ ‘ಈ ಹೊತ್ತು’ ಯಾಕೆ?

ಕಟಿಂಗ್ ಮಾಸ್ಟರ್, ಬಳ್ಳಾರಿ:

ಎಲ್ಲರಿಗೂ ನಮಸ್ಕಾರ. ನಾನು ಕೌಲ್‌ಬಜಾರಿನಲ್ಲಿ ಜೀನ್ಸ್ ಪ್ಯಾಂಟಿನ ಕಟಿಂಗ್ ಮಾಡುವವನು. ವಾರದಲ್ಲಿ ಆರು ದಿನ ಬಟ್ಟೆ, ಸೀಮೆಸುಣ್ಣ, ಕಟಿಂಗ್ ಮಷೀನು. ಭಾನುವಾರ ಮಾತ್ರ ನಮ್ಮ ಚರ್ಚಿನಲ್ಲಿ ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಹೇಳುತ್ತೇನೆ. ಓದಿದ್ದು ಪಿಯುಸಿ. ಗ್ರೀಕ್ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಬೈಯಬಾರದು.

ಹೋದ ತಿಂಗಳು ಮಕ್ಕಳಿಗೆ ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ಒಂದೊಂದೇ ಸಾಲು ಬಿಡಿಸಿ ಹೇಳುತ್ತಿದ್ದೆ. ‘ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು’ ಅನ್ನುವ ಸಾಲು ಬಂತು. ಇದರಲ್ಲಿ ಬಿಡಿಸೋದಕ್ಕೆ ಏನಿದೆ ಅಂದುಕೊಂಡು ಮುಂದಿನ ಸಾಲಿಗೆ ಹೋಗುವವನಿದ್ದೆ. ಆರನೇ ಕ್ಲಾಸಿನ ಹುಡುಗ ಒಬ್ಬ ಕೈ ಎತ್ತಿದ. ‘ಸಾರ್, ಅನುದಿನ ಅಂದ್ರೆ ದಿನಾಲೂ ಅಲ್ವಾ? ದಿನಾಲೂ ಅಂದ್ಮೇಲೆ ಅದ್ರಾಗೆ ಈ ಹೊತ್ತೂ ಬಂತು. ಮತ್ತೆ ಈ ಹೊತ್ತು ಅಂತ ಯಾಕೆ ಕೇಳ್ತೀವಿ?’

ನನಗೆ ಉತ್ತರ ಹೊಳೆಯಲಿಲ್ಲ. ‘ಪ್ರಾರ್ಥನೆಯಲ್ಲಿ ಹಾಗೆಲ್ಲ ತಪ್ಪು ಹುಡುಕಬಾರದು’ ಅಂತ ಗದರಿಸಿ ಕೂರಿಸಿದೆ. ಅವನು ಸುಮ್ನೆ ಕೂತ. ಮನೆಗೆ ಬಂದಮೇಲೆ ನನಗೇ ಬೇಜಾರಾಯಿತು. ನಲವತ್ತು ವರ್ಷದಿಂದ ಈ ಸಾಲು ಹೇಳುತ್ತಿದ್ದೇನೆ, ನನಗೆ ಒಂದು ಸಲವೂ ಈ ಅನುಮಾನ ಬಂದಿಲ್ಲವಲ್ಲ!

ಆಮೇಲೆ ಹಳೇ ಡೈರಿ ತೆಗೆದು ನೋಡಿದೆ. ಎರಡು ವರ್ಷದ ಹಿಂದೆ ಒಂದು ಕೂಟಕ್ಕೆ ಹೊರಗಿನಿಂದ ಬಂದಿದ್ದ ಬೋಧಕರು ಇದೇ ಸಾಲಿನ ಬಗ್ಗೆ ಹೇಳಿದ್ದರು. ಅನುದಿನ ಅನ್ನುವ ಕಡೆ ಮೂಲ ಗ್ರೀಕಿನಲ್ಲಿ ‘ಎಪಿಯೂಸಿಯೊಸ್’ ಅಂತ ಇದೆಯಂತೆ. ಆ ಪದ ಬೇರೆ ಎಲ್ಲೂ ಸಿಗದೆ ಪಂಡಿತರು ಒದ್ದಾಡುತ್ತಿದ್ದರಂತೆ. ಕೊನೆಗೆ ಈಜಿಪ್ಟಿನ ಮರಳಿನಲ್ಲಿ ಯಾರದೋ ಮನೆಯ ಸಂತೆ ಚೀಟಿ ಸಿಕ್ಕಿತಂತೆ. ಅದರಲ್ಲಿ ಕಡಲೆ, ಹುಲ್ಲು ಅಂತ ಖರ್ಚು ಬರೆದ ಹಾಗೆ ಈ ಪದವೂ ಇತ್ತಂತೆ. ಅಲ್ಲಿಗೆ ಅರ್ಥ ಗೊತ್ತಾಯಿತು, ಕೂಲಿಯವರಿಗೆ ಕೊಡುವ ಒಂದು ದಿನದ ಪಡಿ ಅಂತ. ನಾನು ಇದನ್ನು ಕೆಂಪು ಪೆನ್ನಿನಲ್ಲಿ ಬರೆದಿಟ್ಟುಕೊಂಡಿದ್ದೆ.

ಮುಂದಿನ ಭಾನುವಾರ ಈ ಕಥೆ ಹೇಳಿದೆ. ಮಕ್ಕಳಿಗೆ ಬಹಳ ಹಿಡಿಸಿತು. ಎಲ್ಲರ ಕೈಯಲ್ಲೂ ಒಂದೊಂದು ಸಂತೆ ಚೀಟಿ ಬರೆಸಿದೆ. ಅಷ್ಟರಲ್ಲಿ ಮೊಬೈಲಿನಲ್ಲಿ ಇನ್ನೊಬ್ಬರ ಪ್ರಸಂಗ ಕೇಳಿದೆ. ಅವರು ಆ ಪದಕ್ಕೆ ‘ನಾಳಿನ’ ಅಂತ ಅರ್ಥ ಅನ್ನುತ್ತಾರೆ. ಮೂರನೆಯವರೊಬ್ಬರು ಅದು ಹೊಟ್ಟೆಯ ರೊಟ್ಟಿಯೇ ಅಲ್ಲ, ಪರಲೋಕದ ರೊಟ್ಟಿ ಅನ್ನುತ್ತಾರೆ. ಒಂದು ಪ್ಯಾಂಟಿಗೆ ಮೂರು ಅಳತೆ ಕೊಟ್ಟರೆ ನಾನು ಯಾವ ಗೆರೆಯ ಮೇಲೆ ಕತ್ತರಿ ಹಾಕಲಿ?

ಇನ್ನೊಂದು ತೊಡಕು. ‘ನಾಳಿನ ರೊಟ್ಟಿ’ ಅಂತಾದರೆ ಅದೇ ಮತ್ತಾಯ 6ನೇ ಅಧ್ಯಾಯದ ಕೊನೆಯಲ್ಲಿ ನಾಳಿನ ಚಿಂತೆ ಮಾಡಬೇಡಿ ಅಂತ ಇದೆಯಲ್ಲ. 11ನೇ ವಚನದಲ್ಲಿ ನಾಳೆಯದ್ದು ಕೇಳು, 34ನೇ ವಚನದಲ್ಲಿ ನಾಳೆಯ ಚಿಂತೆ ಬಿಡು. ಆ ಹುಡುಗ ಇದನ್ನೂ ಹಿಡಿಯದೆ ಬಿಡುವುದಿಲ್ಲ. ಗೊತ್ತಿರುವವರು ತಿಳಿಸಿ.

—

ನಂಬಿಗಸ್ತ ಸೇವಕ:

ಬ್ರದರ್, ಎರಡು ಸಾವಿರ ವರ್ಷದಿಂದ ಜನ ಈ ಪ್ರಾರ್ಥನೆ ಮಾಡಿ ಊಟ ಮಾಡಿದ್ದಾರೆ. ಗ್ರೀಕ್ ಗೊತ್ತಿಲ್ಲ ಅಂತ ಯಾರೂ ಉಪವಾಸ ಬಿದ್ದಿಲ್ಲ. ಮಕ್ಕಳ ತಲೆ ಕೆಡಿಸಬೇಡಿ.

—

ಕಟಿಂಗ್ ಮಾಸ್ಟರ್, ಬಳ್ಳಾರಿ:

ಬ್ರದರ್, ಮಕ್ಕಳ ತಲೆ ನಾನು ಕೆಡಿಸಿಲ್ಲ. ಒಂದು ಮಗು ನನ್ನ ತಲೆ ಕೆಡಿಸಿದೆ.

—

ಸಿಂಧನೂರು ಮೇಷ್ಟ್ರು:

ಮೊದಲು ಆ ಹುಡುಗನಿಗೆ ಒಂದು ಒಳ್ಳೆಯ ಪೆನ್ನು ಕೊಡಿಸಿ, ದುಡ್ಡು ನಾನು ಕಳಿಸುತ್ತೇನೆ. ಅವನು ಎಡವಿದ ಕಲ್ಲಿಗೇ ಸಾವಿರದ ಎಂಟುನೂರು ವರ್ಷದ ಹಿಂದಿನ ಪಂಡಿತರೂ ಎಡವಿದ್ದರು.

ನನ್ನ ಪರಿಚಯ ಹೇಳಿಬಿಡುತ್ತೇನೆ. ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟು ರಿಟೈರ್ ಆದವನು. ಇಪ್ಪತ್ತರ ವಯಸ್ಸಿನಲ್ಲಿ ಪಾದ್ರಿ ಆಗಬೇಕು ಅಂತ ಸೆಮಿನರಿಗೆ ಹೋಗಿದ್ದೆ. ಎರಡು ವರ್ಷ ಗ್ರೀಕ್ ಓದಿ ವಾಪಸ್ ಬಂದೆ. ಪಾದ್ರಿತನ ಹೋಯಿತು, ಗ್ರೀಕ್ ಉಳಿಯಿತು. ಊರಲ್ಲಿ ಅದನ್ನು ಮಾತಾಡೋಕೆ ಯಾರೂ ಇಲ್ಲ. ಹಾಗಾಗಿ ಈ ಉತ್ತರ ಸ್ವಲ್ಪ ಜಾಸ್ತಿನೇ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಪದ ಎಪಿ-ಊಸಿಯೊಸ್. ನೀವು ‘ಎಪಿಯೂಸಿಯೊಸ್’ ಅಂತ ಬರೆದಿದ್ದೀರಿ. ನಮ್ಮ ನಾಲಿಗೆ ಎರಡು ಸ್ವರ ಪಕ್ಕಪಕ್ಕ ಬಂದರೆ ಸುಮ್ಮನಿರಲ್ಲ, ನಡುವೆ ಒಂದು ‘ಯ’ ತುರುಕುತ್ತದೆ. ತಪ್ಪಲ್ಲ. ಆದರೆ ಈ ಪದದ ಜಗಳ ಪೂರ್ತಿ ನಡೆದಿರುವುದು ಆ ಎರಡು ಸ್ವರಗಳ ನಡುವಿನ ಸಂದಿಯಲ್ಲೇ. ಅದಕ್ಕೆ ಆಮೇಲೆ ಬರುತ್ತೇನೆ.

ಹೊಸ ಒಡಂಬಡಿಕೆಯಲ್ಲಿ ಈ ಪದ ಇರುವುದು ಎರಡೇ ಕಡೆ. ಮತ್ತಾಯ 6:11, ಲೂಕ 11:3. ಎರಡೂ ಇದೇ ಪ್ರಾರ್ಥನೆ. ಮೂರನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಒರಿಗೆನ್ ಅಂತ ಒಬ್ಬ ದೊಡ್ಡ ವಿದ್ವಾಂಸ ಇದ್ದ. ಗ್ರೀಕಿನಲ್ಲೇ ಹುಟ್ಟಿ ಬೆಳೆದು ಗ್ರೀಕಿನಲ್ಲೇ ಬರೆದವನು. ಅವನೇ ಹೇಳುತ್ತಾನೆ, ಈ ಪದವನ್ನು ಯಾವ ಗ್ರೀಕ್ ಲೇಖಕನೂ ಬಳಸಿಲ್ಲ, ಜನರ ಆಡುಮಾತಿನಲ್ಲೂ ಇಲ್ಲ, ಸುವಾರ್ತೆ ಬರೆದವರೇ ಹುಟ್ಟಿಸಿರಬೇಕು ಅಂತ. ಮನೆಮಾತು ಗ್ರೀಕ್ ಆದವನಿಗೇ ಹೀಗಾದರೆ ನಮ್ಮ ಪಾಡೇನು?

ಸಾಮಾನ್ಯವಾಗಿ ‘ದಿನದ’ ಅನ್ನೋದಕ್ಕೆ ಗ್ರೀಕಿನಲ್ಲಿ ಬೇರೆ ಪದ ಇರಲಿಲ್ಲವೇ? ಇತ್ತು. ಯಾಕೋಬನ ಪತ್ರ 2:15 ತೆಗೆದು ನೋಡಿ. ಬಟ್ಟೆಯಿಲ್ಲದ, ಆ ದಿನದ ಊಟವಿಲ್ಲದ ಸಹೋದರನ ಮಾತು ಬರುತ್ತದೆ. ಅಲ್ಲಿ ‘ಎಫೆಮೆರೊಸ್’ ಅಂತ ಸೀದಾ ಪದ ಇದೆ. ಪ್ರಾರ್ಥನೆಯಲ್ಲಿ ಅದನ್ನು ಬಿಟ್ಟು ಯಾರೂ ಕೇಳದ ಪದ ಯಾಕೆ ಇಟ್ಟರು ಅನ್ನೋದೇ ಪ್ರಶ್ನೆ.

ಇನ್ನು ಬಿಡಿಸೋಣ. ‘ಎಪಿ’ ಅಂದರೆ ಮೇಲೆ, ಕಡೆಗೆ, ಸಲುವಾಗಿ. ಅದರ ಮುಂದೆ ಇರುವುದೇನು? ‘ಊಸಿಯ’ ಅನ್ನಬಹುದು. ಅದಕ್ಕೆ ಇರುವಿಕೆ, ಸಾರ ಅಂತ ಅರ್ಥ. ಆಸ್ತಿ ಅಂತಲೂ ಇದೆ. ಕಿರಿಮಗ ಅಪ್ಪನ ಹತ್ತಿರ ಪಾಲು ಕೇಳಿ ತೆಗೆದುಕೊಂಡು ಹೋಗುತ್ತಾನಲ್ಲ, ಲೂಕ 15ರಲ್ಲಿ, ಅಲ್ಲಿ ಪಾಲು ಕೇಳಿದ ಆಸ್ತಿಗೆ ಇದೇ ಊಸಿಯ. ಆ ಲೆಕ್ಕದಲ್ಲಿ ಎಪಿ-ಊಸಿಯೊಸ್ ಅಂದರೆ ‘ಬದುಕಿರೋದಕ್ಕೆ ಬೇಕಾದಷ್ಟು’. ಸಿರಿಯಾಕ್ ಭಾಷೆಯ ಹಳೆಯ ಬೈಬಲ್ ಪೆಷಿತ್ತಾದಲ್ಲಿ ‘ನಮ್ಮ ಅಗತ್ಯದ ರೊಟ್ಟಿ’ ಅಂತಲೇ ಇದೆ. ನಿಮ್ಮ ಮೂರನೇ ಬೋಧಕರ ಪರಲೋಕದ ರೊಟ್ಟಿಯೂ ಇದೇ ಊಸಿಯದಿಂದ ಬಂದದ್ದು, ಆದರೆ ‘ಎಪಿ’ಗೆ ‘ಮೀರಿದ’ ಅಂತ ಅರ್ಥ ಮಾಡಿಕೊಂಡು. ನಾಲ್ಕನೇ ಶತಮಾನದ ಕೊನೆಯಲ್ಲಿ ಜೆರೋಮ್ ಲ್ಯಾಟಿನ್ ಬೈಬಲ್ ತಿದ್ದುವಾಗ ಮತ್ತಾಯದಲ್ಲಿ ಈ ಪದಕ್ಕೆ ‘ಎಲ್ಲ ವಸ್ತುವಿಗೂ ಮೇಲಾದ’ ಅನ್ನುವ ಅರ್ಥದ ಲ್ಯಾಟಿನ್ ಪದ ಹಾಕಿದ. ಲೂಕದಲ್ಲಿ ಅದೇ ಗ್ರೀಕ್ ಪದಕ್ಕೆ ‘ದಿನದ’ ಅಂತಲೇ ಇಟ್ಟ! ಒಂದೇ ಪದ, ಒಬ್ಬನೇ ಪಂಡಿತ, ಎರಡು ಅರ್ಥ. ನನ್ನ ಕ್ಲಾಸಿನ ಹುಡುಗರು ಹೀಗೆ ಬರೆದಿದ್ದರೆ ಅರ್ಧ ಮಾರ್ಕು ಕತ್ತರಿಸುತ್ತಿದ್ದೆ.

ಈಗ ಆ ಸಂದಿಗೆ ಬಂದೆ. ಊರು + ಅಲ್ಲಿ ಸೇರಿದರೆ ನಾವು ‘ಊರಲ್ಲಿ’ ಅನ್ನುತ್ತೇವೆ, ನಡುವಿನ ಉಕಾರ ಬಿದ್ದುಹೋಗುತ್ತದೆ. ಲೋಪಸಂಧಿ. ಗ್ರೀಕಿನಲ್ಲೂ ಎಪಿ ಮುಂದೆ ಸ್ವರ ಬಂದರೆ ಸಾಮಾನ್ಯವಾಗಿ ಅದರ ಇಕಾರ ಬೀಳುತ್ತದೆ. ಹಾಗಾದರೆ ಎಪಿ + ಊಸಿಯ ಸೇರಿ ‘ಎಪೂಸಿಯೊಸ್’ ಆಗಬೇಕಿತ್ತು. ಆಗಿಲ್ಲ. ಇಕಾರ ಗಟ್ಟಿಯಾಗಿ ಕೂತಿದೆ. ಬೀಳದೆ ಉಳಿದ ಉದಾಹರಣೆಗಳೂ ಗ್ರೀಕಿನಲ್ಲಿ ಇವೆ. ಹಾಗಾಗಿ ಇದೊಂದರಿಂದಲೇ ಕೇಸು ಮುಗಿಯಲ್ಲ, ಆದರೆ ಅನುಮಾನ ಮಾತ್ರ ಹುಟ್ಟುತ್ತದೆ.

ಇನ್ನೊಂದು ದಾರಿ ‘ಬರು’ ಅನ್ನುವ ಕ್ರಿಯಾಪದದ್ದು. ನಾವು ‘ಬರುವ ಸೋಮವಾರ’ ಅನ್ನುತ್ತೇವಲ್ಲ, ಥೇಟ್ ಹಾಗೇ ಗ್ರೀಕರು ‘ಎಪಿಊಸ’ ಅಂದರೆ ‘ಬರುವ’ ಅನ್ನುತ್ತಿದ್ದರು. ದಿನ ಅಂತ ಬಾಯಿಬಿಟ್ಟು ಹೇಳದಿದ್ದರೂ ಬರುವ ದಿನ ಅಂತಲೇ ಅರ್ಥ. ಅಪೊಸ್ತಲರ ಕೃತ್ಯಗಳು 16:11ರಲ್ಲಿ ಪೌಲನ ಹಡಗು ತ್ರೋವದಿಂದ ಹೊರಟು ಮರುದಿನ ನೆಯಾಪೊಲಿಗೆ ಮುಟ್ಟುತ್ತದೆ. ಆ ‘ಮರುದಿನ’ ಇದೇ ಪದ. ಇಲ್ಲಿ ಸಂಧಿಯ ತಕರಾರೂ ಇಲ್ಲ. ಎಪಿಯಲ್ಲೊಂದು ಇಕಾರ, ‘ಹೋಗು-ಬರು’ ಅನ್ನುವ ಧಾತುವಿನಲ್ಲೊಂದು ಇಕಾರ. ಒಂದು ಬಿದ್ದರೂ ಒಂದು ಉಳಿಯುತ್ತದೆ. ಅದರಿಂದ ಎಪಿ-ಊಸಿಯೊಸ್ ಆದರೆ ‘ಬರುವ ದಿನದ’, ನಾಳಿನ. ಜೆರೋಮನೇ ಇನ್ನೊಂದು ಕಡೆ ಬರೆದಿದ್ದಾನೆ, ಇಬ್ರಿಯರ ಸುವಾರ್ತೆ ಅನ್ನುವ ಹಳೆಯ ಪುಸ್ತಕದಲ್ಲಿ ಈ ಜಾಗದಲ್ಲಿ ‘ಮಾಹಾರ್’ ಅಂತ ನೋಡಿದೆ ಅಂತ. ಮಾಹಾರ್ ಅಂದರೆ ಇಬ್ರಿಯದಲ್ಲಿ ನಾಳೆ.

ನನ್ನ ಓಟು ನಾಳೆಗೆ. ನೂರಕ್ಕೆ ನೂರು ಅಂತ ಹೇಳಲಾರೆ.

ಇನ್ನು ನಿಮ್ಮ ಸಂತೆ ಚೀಟಿ. ಇದನ್ನು ಹೇಳೋಕೆ ನನಗೇ ಕಷ್ಟ ಆಗ್ತಿದೆ. ಆ ಚೀಟಿ ನಿಜ. ಈಜಿಪ್ಟಿನ ಹವಾರಾ ಅನ್ನುವಲ್ಲಿ ಫ್ಲಿಂಡರ್ಸ್ ಪೆಟ್ರಿ ಅನ್ನುವ ಪುರಾತತ್ವಜ್ಞ ಅಗೆದಾಗ ಸಿಕ್ಕ ಪಪೈರಸ್, ಅಂದರೆ ಜೊಂಡಿನಿಂದ ಮಾಡಿದ ಹಳೇ ಕಾಲದ ಹಾಳೆ. ಸೇಸ್ ಅನ್ನುವ ವಿದ್ವಾಂಸ ಓದಿದ, 1889ರಲ್ಲಿ ಅಚ್ಚಾಯಿತು. ಖರ್ಚಿನ ಪಟ್ಟಿಯಲ್ಲಿ ಒಂದು ಕಡೆ ‘ಎಪಿಊಸಿ…’ ಅಂತ ಕಾಣುತ್ತದೆ ಅಂತ ಅವನ ಓದು. ಆಮೇಲೆ ಮೂಲ ಹಾಳೆ ಕಳೆದುಹೋಯಿತು. ಬಹಳ ವರ್ಷ ಎಲ್ಲರೂ ಅಚ್ಚಾದದ್ದನ್ನೇ ನಂಬಿ ‘ದಿನದ ಪಡಿ’ ಅಂತ ಬರೆಯುತ್ತಾ ಹೋದರು. ನಿಮ್ಮ ಬೋಧಕರು ಓದಿದ್ದೂ ಅಂಥ ಯಾವುದೋ ಪುಸ್ತಕ ಇರಬೇಕು. 1998ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅದೇ ಹಾಳೆ ಸಿಕ್ಕಿತು. ಮತ್ತೆ ಕಣ್ಣಿಟ್ಟು ಓದಿದರು. ಅಲ್ಲಿದ್ದದ್ದು ‘ಎಲಾಯೂ’. ಅಂದರೆ ಎಣ್ಣೆ.

ನಮ್ಮ ಕಡೆಯ ಮಸ್ಕಿ ಶಾಸನ ನೆನಪು ಮಾಡಿಕೊಳ್ಳಿ. ಅಲ್ಲಿಯವರೆಗೆ ಸಿಕ್ಕ ಬಂಡೆಗಳಲ್ಲೆಲ್ಲ ದೇವಾನಾಂಪಿಯ, ಪಿಯದಸಿ ಅಂತ ಮಾತ್ರ ಇತ್ತು. 1915ರಲ್ಲಿ ಮಸ್ಕಿಯಲ್ಲಿ ಸಿಕ್ಕ ಬಂಡೆಯಲ್ಲಿ ಅಶೋಕ ಅಂತ ಹೆಸರೇ ಇತ್ತು. ಒಂದೇ ಪದ, ಆದರೆ ಬಂಡೆ ಅಲ್ಲೇ ಇದೆ, ಯಾರು ಬೇಕಾದರೂ ಹೋಗಿ ಓದಬಹುದು. ಮುಂದೆ ನಿಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೊಳಂ ಶಾಸನಗಳಲ್ಲೂ ಅದೇ ಹೆಸರು ಬಂತು, ಓದು ಗಟ್ಟಿಯಾಯಿತು. ಚೀಟಿಯ ಕಥೆ ಇದಕ್ಕೆ ಉಲ್ಟಾ. ಹಾಳೆಯೇ ಕೈಯಲ್ಲಿ ಇಲ್ಲದಾಗ ನೂರು ಜನ ಅದೇ ಮಾತು ಹೇಳಿದರೂ ಸಾಕ್ಷಿ ಒಂದೇ.

—

ಕಟಿಂಗ್ ಮಾಸ್ಟರ್, ಬಳ್ಳಾರಿ:

ಎಣ್ಣೆನಾ!

ಮೇಷ್ಟ್ರೇ, ಮೂವತ್ತು ಮಕ್ಕಳ ಕೈಯಲ್ಲಿ ಸಂತೆ ಚೀಟಿ ಬರೆಸಿದ್ದೇನೆ. ಅದರಲ್ಲಿ ನಾಲ್ಕು ಚೀಟಿ ಚರ್ಚಿನ ಗೋಡೆಗೆ ಅಂಟಿಸಿದ್ದೇನೆ. ಒಂದು ಹುಡುಗಿ ಕೆಳಗೆ ‘ಎಪಿಯೂಸಿಯೊಸ್ 1 ಕೆಜಿ’ ಅಂತ ಬರೆದಿದ್ದಾಳೆ. ಅದನ್ನು ನೋಡಿ ನಮ್ಮ ಅಯ್ಯನವರು ಬಹಳ ಮೆಚ್ಚಿದ್ದರು.

ನಮ್ಮ ಕೆಲಸದಲ್ಲಿ ಒಂದು ಮಾತಿದೆ. ಪ್ಯಾಟರ್ನ್ ಕಾರ್ಡು ತಪ್ಪಾದರೆ ಒಂದು ಪ್ಯಾಂಟು ಹಾಳಾಗಲ್ಲ, ಇಡೀ ಲಾಟು ಹಾಳಾಗುತ್ತದೆ. ಯಾಕೆಂದರೆ ಅರವತ್ತು ಎಪ್ಪತ್ತು ಪದರ ಬಟ್ಟೆ ಒಂದರ ಮೇಲೊಂದು ಹಾಸಿ ಒಟ್ಟಿಗೆ ಕತ್ತರಿಸುತ್ತೇವೆ. ನನ್ನಿಂದ ಒಮ್ಮೆ ಹಾಗೆ ಆಗಿದೆ. ಮೇಲಿನ ಪದರ ನೋಡಿದರೆ ಎಲ್ಲ ಸರಿ ಇದ್ದ ಹಾಗೇ ಕಾಣುತ್ತಿತ್ತು. ಹೊಲಿಯುವಾಗ ಗೊತ್ತಾಯಿತು, ಸೊಂಟ ಅರ್ಧ ಇಂಚು ಕಮ್ಮಿ. ಈಗ ಮತ್ತೆ ಅದೇ ಹೊಟ್ಟೆಯುರಿ.

ಸರಿ, ಚೀಟಿ ಕೀಳುತ್ತೇನೆ. ಆದರೆ ‘ನಾಳೆಗೆ ಓಟು’ ಅಂದಿರಲ್ಲ, 34ನೇ ವಚನದ ಕಥೆ ಏನು?

—

ಕೋಟೆ ಕೆಳಗಿನವ:

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಈ ಪದಕ್ಕೆ ಕನ್ನಡ ಹುಡುಕುವ ತಲೆನೋವು ಬಳ್ಳಾರಿಗೆ ಹೊಸದಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ನಮ್ಮೂರಿಗೆ ಬಂದದ್ದು 1810ರಲ್ಲಿ. ಇಲ್ಲೇ ಕೂತು ಕನ್ನಡ ಕಲಿತು, ಬೈಬಲ್ ಅನುವಾದ ಮಾಡಿ, 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಬಂತು. ಅಚ್ಚಾದದ್ದೂ ಬಳ್ಳಾರಿಯಲ್ಲೇ. ಅವನ ಜೊತೆಗಾರ ವಿಲಿಯಂ ರೀವ್ ಕನ್ನಡ ನಿಘಂಟು ಮಾಡಿದವನು. ನಿಮ್ಮ ಸಂಡೇ ಸ್ಕೂಲಿನ ಬೆಂಚಿನಿಂದ ದೂರದಲ್ಲೇನೂ ಅಲ್ಲ, ಈ ಬೇಸಿಗೆಯಲ್ಲೇ, ಫ್ಯಾನ್ ಇಲ್ಲದೆ, ಈ ಒಂದು ಪದದ ಮುಂದೆ ಅವರೂ ಪೆನ್ನು ಕಚ್ಚಿಕೊಂಡು ಕೂತಿರಬೇಕು ಅಂತ ನನ್ನ ಊಹೆ.

—

ಗಂಗಾವತಿ ರೊಟ್ಟಿ ಅಕ್ಕ:

ನಾನು ನಿಮ್ಮ ಧರ್ಮದವಳಲ್ಲ. ರೊಟ್ಟಿ ಅಂತ ಕಂಡಿತು, ಓದಿದೆ. ನಾವು ಆರು ಜನ ಹೆಂಗಸರು ಸೇರಿ ರೊಟ್ಟಿ ಮಾಡಿ ಮಾರುತ್ತೇವೆ. ನಾಳೆಯ ರೊಟ್ಟಿ ಇವತ್ತು ಅನ್ನೋದರಲ್ಲಿ ನಿಮಗೇನು ವಿಚಿತ್ರ ಕಾಣ್ತಿದೆಯೋ ನನಗೆ ಗೊತ್ತಾಗಲಿಲ್ಲ.

ಬಿಸಿ ರೊಟ್ಟಿ ಇವತ್ತಿನದು. ಕಟಕ್ ರೊಟ್ಟಿ ನಾಳೆಯದು, ನಾಡಿದ್ದಿನದು. ಮೆತ್ತಗಿನ ರೊಟ್ಟಿಯನ್ನು ಕೆಂಡದ ಪಕ್ಕ ನಿಲ್ಲಿಸಿ ನೀರಿನಂಶ ಪೂರ್ತಿ ಹೋಗಿಸಿದರೆ ಕಟಕ್ ಆಗುತ್ತದೆ. ಬಿಸಿ ರೊಟ್ಟಿಗೂ ಹಿಟ್ಟು ಇವತ್ತು ಬರಲ್ಲ. ಜೋಳ ಹಸನು ಮಾಡಿ ಗಿರಣಿಗೆ ಹಾಕೋದು ಹಿಂದಿನ ದಿನ. ಮುಂಜಾನೆ ಐದಕ್ಕೆ ತಟ್ಟೋಕೆ ಕೂರಬೇಕಾದರೆ ಡಬ್ಬಿಯಲ್ಲಿ ಹಿಟ್ಟು ರಾತ್ರಿಯೇ ಇರಬೇಕು. ಕೇಳೋದಾದರೆ ಯಾರಾದರೂ ರಾತ್ರಿಯೇ ಕೇಳಬೇಕು. ಹಸಿವಾದಮೇಲೆ ಕೇಳಿದರೆ ರೊಟ್ಟಿ ಬರುವಷ್ಟರಲ್ಲಿ ಮಧ್ಯಾಹ್ನ.

ಕೂಡಿಡಬಾರದು ಅನ್ನೋದು ಬೇರೆ ಮಾತು. ಅದು ನಮ್ಮಲ್ಲೂ ಇದೆ. ಲಿಂಗಸುಗೂರು ಕಡೆಯ ಅಮರೇಶ್ವರದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನ ಕಥೆ ಕೇಳಿದ್ದೀರಲ್ಲ. ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವವನು. ಒಂದು ದಿನ ದಿನಕ್ಕಿಂತ ಜಾಸ್ತಿ ತಂದ. ಲಕ್ಕಮ್ಮ ಒಲೆ ಹಚ್ಚಲಿಲ್ಲ. ಇಷ್ಟು ಆಸೆ ನಮಗೆ ಯಾಕೆ, ತಗೊಂಡು ಹೋಗಿ ಅಲ್ಲೇ ಸುರಿದು ಬಾ ಅಂತ ಕಳಿಸಿದಳು. ಆದರೆ ಲಕ್ಕಮ್ಮನ ಮನೆಯಲ್ಲೂ ರಾತ್ರಿ ಅಕ್ಕಿ ನೆನೆಹಾಕಿರಬೇಕಲ್ವಾ! ನಾಳೆಗೆ ಒಂದು ಹೊತ್ತಿನದು ಇಡೋದು ಬೇರೆ, ನಾಡಿದ್ದಕ್ಕೆ ಅಂತ ಮೂಟೆ ಇಡೋದು ಬೇರೆ.

—

ಸಿಂಧನೂರು ಮೇಷ್ಟ್ರು:

ಅಕ್ಕಾ, ನೀವು ಹೇಳಿದ ಲಕ್ಕಮ್ಮನ ಅಕ್ಕಿಗೆ ಬೈಬಲಿನಲ್ಲಿ ಒಂದು ಜೋಡಿ ಕಥೆ ಇದೆ. ವಿಮೋಚನಕಾಂಡ 16. ಈಜಿಪ್ಟ್ ಬಿಟ್ಟು ಹೊರಟ ಇಸ್ರಾಯೇಲರಿಗೆ ಅರಣ್ಯದಲ್ಲಿ ಬೆಳಗಾದರೆ ನೆಲದ ಮೇಲೆ ದೇವರು ಕೊಟ್ಟ ಮನ್ನ ಅನ್ನುವ ಆಹಾರ ಬಿದ್ದಿರುತ್ತದೆ. ತಲೆಗೆ ಒಂದು ಓಮೆರ್ ಅಳತೆ ಮಾತ್ರ ಆಯ್ದುಕೊಳ್ಳಬೇಕು. ಕೆಲವರು ಮರುದಿನಕ್ಕೆ ಇರಲಿ ಅಂತ ಉಳಿಸಿಕೊಂಡರು. ಬೆಳಗಾಗುವಷ್ಟರಲ್ಲಿ ಹುಳ ಬಿದ್ದು ನಾತ ಹೊಡೆಯಿತು. ಆದರೆ ಆರನೇ ದಿನ ಮಾತ್ರ ಎರಡು ಅಳತೆ ತರಬಹುದು. ಮರುದಿನ ಸಬ್ಬತ್, ಕೆಲಸ ಇಲ್ಲ. ಆ ದಿನ ಇಟ್ಟದ್ದು ಕೆಡಲಿಲ್ಲ. ಅಂದರೆ ನಾಳೆಯದನ್ನು ಇವತ್ತೇ ಕೊಡುವ ಲೆಕ್ಕ ಅಲ್ಲೇ ಇತ್ತು, ವಾರಕ್ಕೊಂದು ದಿನ.

ಮಾಸ್ಟರಿಗೆ: 34ನೇ ವಚನದ ತೊಡಕಿಗೆ ಎರಡು ಸಣ್ಣ ವಿಷಯ. ಒಂದು, ಯೆಹೂದ್ಯರ ದಿನ ಶುರುವಾಗುವುದು ಸೂರ್ಯ ಮುಳುಗಿದಾಗ. ಸಂಜೆ ಪ್ರಾರ್ಥನೆಗೆ ನಿಂತವನಿಗೆ ‘ಬರುವ ದಿನ’ ಆಗಲೇ ಬಾಗಿಲಲ್ಲಿ ಇರುತ್ತದೆ. ಇನ್ನೊಂದು, ಈ ಪ್ರಾರ್ಥನೆ ಮೊದಲು ಕೇಳಿಸಿಕೊಂಡವರಲ್ಲಿ ದಿನಗೂಲಿ ಜನ ಇದ್ದರು. ಮತ್ತಾಯ 20ರ ದ್ರಾಕ್ಷಿತೋಟದ ಕಥೆ ನೋಡಿ. ಬೆಳಿಗ್ಗೆ ಸಂತೆಬೀದಿಯಲ್ಲಿ ಕೂಲಿಗೆ ಕಾದು ನಿಂತ ಜನ. ದಿನದ ಕೂಲಿ ಒಂದು ದೆನಾರಿಯಸ್. ಬಟವಾಡೆ ಸಂಜೆ. ಧರ್ಮೋಪದೇಶಕಾಂಡ 24ರಲ್ಲಿ ನಿಯಮವೇ ಇದೆ, ಕೂಲಿಯವನ ಕೂಲಿ ಹೊತ್ತು ಮುಳುಗುವ ಮುಂಚೆ ಕೊಟ್ಟುಬಿಡು, ಅವನು ಬಡವ, ಅದರ ಮೇಲೇ ಜೀವ ಇಟ್ಟುಕೊಂಡಿದ್ದಾನೆ ಅಂತ. ಸಂಜೆ ಸಿಕ್ಕ ಕೂಲಿಯ ರೊಟ್ಟಿ ಯಾವತ್ತಿನದು? ನೀವೇ ಲೆಕ್ಕ ಹಾಕಿ.

ಹಾಗೇ ಲೂಕ ಬೇರೆ ಥರ ಬರೆದಿದ್ದಾನೆ. ಮತ್ತಾಯನ ಗ್ರೀಕಿನಲ್ಲಿ ‘ಈ ಹೊತ್ತು ಕೊಡು’, ಒಂದೇ ಸಲ ಕೊಡುವ ಕ್ರಿಯಾಪದ. ಲೂಕನಲ್ಲಿ ‘ದಿನದಿನಕ್ಕೂ ಕೊಡುತ್ತಾ ಇರು’. ಎಪಿ-ಊಸಿಯೊಸ್‌ಗೆ ದಿನದ ಅಂತ ಅರ್ಥ ಮಾಡಿದರೆ ಲೂಕನ ಸಾಲು ‘ದಿನದ ರೊಟ್ಟಿಯನ್ನು ದಿನದಿನವೂ’ ಅಂತಾಗಿ ಇನ್ನೂ ಪೆದ್ದಾಗುತ್ತದೆ. ಆ ಹುಡುಗನ ಅನುಮಾನ ಎರಡು ಕಡೆಗೂ ನಿಲ್ಲುತ್ತದೆ.

—

ಕಟಿಂಗ್ ಮಾಸ್ಟರ್, ಬಳ್ಳಾರಿ:

ಸ್ವಲ್ಪ ದಿನ ಬರಲಿಲ್ಲ, ಆರ್ಡರ್ ಜಾಸ್ತಿ ಇತ್ತು. ಮೇಷ್ಟ್ರ ಲೆಕ್ಕ ನಾನು ಹಾಕಲಿಲ್ಲ, ನಮ್ಮ ಅವ್ವ ಹಾಕಿದಳು. ಅದನ್ನು ಬರೆಯೋಣ ಅಂತ ಬಂದೆ.

ಅವ್ವನಿಗೆ ಎಪ್ಪತ್ತು ದಾಟಿದೆ. ಸಿರುಗುಪ್ಪ ಕಡೆಯವಳು. ನಾವು ಸಣ್ಣವರಿದ್ದಾಗ ಭತ್ತದ ನಾಟಿ, ಹತ್ತಿ ಬಿಡಿಸೋದು, ಮೆಣಸಿನಕಾಯಿ, ಯಾವುದು ಸಿಕ್ಕರೆ ಅದು. ಓದು ಬರಲ್ಲ. ಕರ್ತನ ಪ್ರಾರ್ಥನೆ ಮಾತ್ರ ದಿನಕ್ಕೆ ಎರಡು ಸಲ. ಶನಿವಾರ ರಾತ್ರಿ ಅವಳು ಮೆಣಸಿನಕಾಯಿ ತೊಟ್ಟು ಮುರೀತಾ ಕೂತಿದ್ದಳು. ನಾನು ಪಕ್ಕದಲ್ಲಿ ಕೂತು ಕೇಳಿದೆ. ‘ಅವ್ವಾ, ಅನುದಿನದ ಆಹಾರ ಅಂತ ಕೇಳ್ತಿದ್ದೆಲ್ಲ, ಆವಾಗ ಮನಸ್ಸಿನಾಗೆ ಯಾವ ರೊಟ್ಟಿ ಇತ್ತು? ಇವತ್ತಿಂದೋ ನಾಳೆದೋ?’

ತಲೆ ಎತ್ತಲಿಲ್ಲ. ‘ಮುಂಜಾನೆ ಪ್ರಾರ್ಥನೆ ಕೇಳ್ತಿಯೋ, ರಾತ್ರಿದೋ?’

‘ಮುಂಜಾನೆದು.’

‘ಮುಂಜಾನೆ ಇವತ್ತಿನ ರೊಟ್ಟಿ ಬುತ್ತಿಗೆ ಕಟ್ಟಿಯಾಗಿರ್ತಿತ್ತು. ಕಟ್ಟಿದ್ದನ್ನ ಯಾಕ ಕೇಳ್ಲಿ? ಇವತ್ತು ಯಾರಾದ್ರೂ ಕೆಲ್ಸಕ್ಕೆ ಕರೀಲಿ ಅಂತ ಕೇಳ್ತಿದ್ದೆ. ಕರೆದ್ರೆ ಸಂಜೆ ರೊಕ್ಕ. ರೊಕ್ಕ ಬಂದ್ರೆ ಬರೋ ದಾರ್ಯಾಗ ಎರಡು ಸೇರು ಜೋಳ. ಆ ಜೋಳ ನಿಮಗೆ ಮರುದಿನ ರೊಟ್ಟಿ.’

ಅಷ್ಟು ಹೇಳಿ ಇನ್ನೊಂದು ಹಿಡಿ ಮೆಣಸಿನಕಾಯಿ ಮಡಿಲಿಗೆ ಹಾಕಿಕೊಂಡಳು. ಸ್ವಲ್ಪ ಹೊತ್ತಾದಮೇಲೆ ಅವಳೇ ಹೇಳಿದಳು. ‘ಕೆಲ್ಸ ಸಿಗದ ದಿನ ನಿಮಗೆ ಉಂಡು ಮಲಗ್ರಿ ಅಂತಿದ್ದೆ. ಆ ದಿನದ್ದು ಇರ್ತಿತ್ತು. ನನಗೆ ನಿದ್ದಿ ಬರ್ತಿರ್ಲಿಲ್ಲ.’

ನನಗೆ ನೆನಪಿದೆ ಆ ರಾತ್ರಿಗಳು. ಅವಳು ಎದ್ದು ಹಿಟ್ಟಿನ ಡಬ್ಬಿ ಅಲ್ಲಾಡಿಸಿ ನೋಡುತ್ತಿದ್ದಳು, ಹಗುರ ಶಬ್ದ ಬರುತ್ತಿತ್ತು. ನಾನು ಇಲಿ ಅಂದುಕೊಳ್ಳುತ್ತಿದ್ದೆ.

ಮೇಷ್ಟ್ರೇ, 34ನೇ ವಚನ ನನಗೆ ಅಲ್ಲೇ ಬಿಡಿಸಿಕೊಂಡಿತು. ನಾಳೆಯ ಹಿಟ್ಟು ಇವತ್ತು ಡಬ್ಬಿಯಲ್ಲಿದ್ದರೆ ತಾನೇ ಅವಳು ಚಿಂತೆ ಬಿಟ್ಟು ಮಲಗೋದು. ಇದು ವ್ಯಾಕರಣ ಅಲ್ಲ ಅಂತ ನನಗೂ ಗೊತ್ತು.

—

ಸಿಂಧನೂರು ಮೇಷ್ಟ್ರು:

ವ್ಯಾಕರಣ ಅಲ್ಲ ನಿಜ. ‘ಬದುಕಿಗೆ ಬೇಕಾದಷ್ಟು’ ಅನ್ನುವವರು ನಿಮ್ಮ ಅವ್ವನ ಮಾತನ್ನೇ ತಮ್ಮ ಕಡೆಗೂ ಎಳೆದುಕೊಳ್ಳಬಹುದು, ಎರಡು ಸೇರು ಅಂದರೆ ಬೇಕಾದಷ್ಟೇ ಅಲ್ವಾ ಅಂತ. ಆದರೂ ಎರಡು ವರ್ಷ ನಾನು ಗ್ರೀಕ್ ಓದಿದೆ, ಯಾರೂ ನಮಗೆ ಈ ಪ್ರಾರ್ಥನೆ ಮುಂಜಾನೆದೋ ರಾತ್ರಿದೋ ಅಂತ ತಿರುಗಿ 
ಕೇಳಿರಲಿಲ್ಲ.

ಪೆನ್ನು ಕೊಡಿಸಿದಿರಾ?

—

ಕಟಿಂಗ್ ಮಾಸ್ಟರ್, ಬಳ್ಳಾರಿ:

ಕೊಡಿಸಿದೆ, ದುಡ್ಡು ಬೇಡ. ಭಾನುವಾರ ಮಕ್ಕಳ ಮುಂದೆ ನಿಂತು, ಸಂತೆ ಚೀಟಿ ವಿಷಯ ನಾನು ಹೇಳಿದ್ದು ತಪ್ಪು, ಅದು ಎಣ್ಣೆ ಅಂತ ಒಪ್ಪಿಕೊಂಡೆ. ಗೋಡೆಯಿಂದ ಚೀಟಿ ಕೀಳೋಕೆ ಹೋದರೆ ಆ ‘1 ಕೆಜಿ’ ಹುಡುಗಿ ಅಳೋಕೆ ಶುರು ಮಾಡಿದಳು, ಅವಳದ್ದು ಒಂದು ಬಿಟ್ಟಿದ್ದೇನೆ. ಆಮೇಲೆ ಗದರಿಸಿದ್ದಕ್ಕೆ ಆ ಹುಡುಗನಿಗೆ ಎಲ್ಲರ ಎದುರಿಗೇ ಸಾರಿ ಹೇಳಿ, ಅವ್ವನ ಮಾತು ಹೇಳಿ, ಪೆನ್ನು ಕೊಟ್ಟೆ. ಅವನ ಅಪ್ಪ ಎಪಿಎಂಸಿಯಲ್ಲಿ ಹಮಾಲಿ. ‘ನಮ್ಮನೆಯಾಗೂ ಹಂಗೇ ಸಾರ್’ ಅಂದ, ಅಷ್ಟೇ.

ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಹೋದವನು ಬಾಗಿಲ ಹತ್ತಿರದಿಂದ ವಾಪಸ್ ಬಂದ. ‘ಸಾರ್, ಹಂಗಾದ್ರೆ ಆ ಚೀಟೀಲಿ ಎಣ್ಣೆ ಎಷ್ಟಕ್ಕೆ ತಂದಿದ್ರು?’

ಮೇಷ್ಟ್ರೇ, ಇದು ನಿಮ್ಮ ಪಾಲಿಗೆ.